ತೊಟ್ಟಿ ಮನೆ ರಿನೋವೇಶನ್ ಪ್ಯಾಕೇಜ್: ಎರಡು ಮಳೆಗಾಲ ಕಳೆದ ಮೇಲೆ ಬರೆದ ರಿವ್ಯೂ

ಕೆಲಸ ಮುಗಿದ ವಾರವೇ ಆ ಕಂಪನಿಯವರು ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ್ದರು. ರಿವ್ಯೂ ಹಾಕಿ ಸರ್, ಐದು ಸ್ಟಾರ್ ಕೊಟ್ಟರೆ ನಮ್ಮ ಹುಡುಗರಿಗೆ ಖುಷಿಯಾಗುತ್ತದೆ ಅಂದಿದ್ದರು. ಆಗಲೇ ಬರೆದಿದ್ದರೆ ಐದೇ ಕೊಡುತ್ತಿದ್ದೆ. ಊಟಕ್ಕೆ ಬಂದ ನೆಂಟರೆಲ್ಲ ಹೊಗಳಿ ಹೋಗಿದ್ದರು, ನೆಲ ಮುಖ ಕಾಣುವ ಹಾಗೆ ಮಿಂಚುತ್ತಿತ್ತು, ನನಗೂ ಸ್ವಲ್ಪ ತಲೆ ತಿರುಗಿತ್ತು. ಸೋಮಾರಿತನದಿಂದ ಬರೆಯಲಿಲ್ಲ. ಈಗ ಎರಡು ಮಳೆಗಾಲ ಕಳೆದಿದೆ. ಮಲೆನಾಡಿನಲ್ಲಿ ಮನೆ ಕೆಲಸ ಮಾಡಿದವರಿಗೆ ಮಾರ್ಕ್ಸ್ ಕೊಡುವ ಮೊದಲು ಒಂದಾದರೂ ಮಳೆಗಾಲ ಕಾಯಬೇಕು ಅಂತ ಈಗ ಗೊತ್ತಾಗಿದೆ.

ಕಂಪನಿ ಹೆಸರು ಹಾಕುವುದಿಲ್ಲ. ಅವರು ಮೋಸ ಮಾಡಿಲ್ಲ. ಕೊಟೇಶನ್‌ನಲ್ಲಿ ಬರೆದದ್ದನ್ನು ಬರೆದ ಹಾಗೇ ಮಾಡಿದರು. ನಾವು ಕೇಳಿದ್ದನ್ನೇ ಮಾಡಿದರು. ನನ್ನ ಗೋಳು ಇರುವುದೇ ಅಲ್ಲಿ.

ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ, ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜೂನ್‌ನಲ್ಲಿ ಹಿಡಿದುಕೊಂಡರೆ ಸೆಪ್ಟೆಂಬರ್ ತನಕ ಹಾಸಿಗೆಗೂ ಹಸಿ ವಾಸನೆ. ಮನೆ ಯಾವ ಕಾಲದ್ದು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ದೊಡ್ಡಪ್ಪ ಮಾತ್ರ ಬಂದವರಿಗೆಲ್ಲ 1865ರ ಮನೆ ಅಂತ ಹೇಳುತ್ತಿದ್ದರು, ಯಾಕೆಂದರೆ ಹೆಂಚಿನ ಬೆನ್ನ ಮೇಲೆ ಆ ಇಸವಿ ಅಚ್ಚಾಗಿದೆ. ಅದು ಮನೆ ಕಟ್ಟಿದ ವರ್ಷ ಅಲ್ಲ, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಪಾದ್ರಿಗಳ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಹಂಪನಕಟ್ಟೆಯಿಂದ ಹಿಡಿದು ಕೊಪ್ಪದ ಕೊಟ್ಟಿಗೆ ತನಕ ಎಷ್ಟೋ ಮಾಡುಗಳ ಮೇಲೆ ಅದೇ 1865 ಇದೆ. ಆದರೆ ಒಂದು ವಿಷಯ ಹಿಡಿಯಬಹುದು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್‌ನ ಆಸ್ತಿಯನ್ನು ಬ್ರಿಟಿಷರು ವಶಕ್ಕೆ ತಗೊಂಡರು, ಆಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ನಮ್ಮ ಹೆಂಚಿನ ಮೇಲೆ ಇನ್ನೂ ಬಾಸೆಲ್ ಮಿಷನ್ ಅಂತಲೇ ಇದೆ. ಅಂದರೆ ಹೆಂಚಿಗಂತೂ ನೂರು ವರ್ಷ ದಾಟಿದೆ.

ಮನೆಯ ಲೆಕ್ಕ ಹೀಗಿತ್ತು. ಮುಂದೆ ಅಂಗಳ, ಆಮೇಲೆ ಉದ್ದ ಜಗುಲಿ, ತಲೆ ತಗ್ಗಿಸಿ ಕಾಲೆತ್ತಿ ದಾಟಬೇಕಾದ ಹೆಬ್ಬಾಗಿಲು, ಒಳಗೆ ನಡುವೆ ತೊಟ್ಟಿ, ಸುತ್ತ ನಾಲ್ಕು ಅಂಕಣ, ಮೂಲೆಗೆ ಹಲಸಿನ ಮುಂಡಿಗೆ, ಅಂದರೆ ಮರದ ಕಂಬ. ಒಂದು ಕಡೆ ದೇವರ ಕೋಣೆ, ಇನ್ನೊಂದು ಕಡೆ ಭತ್ತ ತುಂಬುವ ಪಣತ, ಹಿಂದೆ ಅಡುಗೆ ಮನೆ, ಮೇಲೆ ಮೆತ್ತು. ಗೋಡೆ ಎರಡು ಅಡಿ ದಪ್ಪದ ಮಣ್ಣಿನದು, ಮೇಲೆ ಸುಣ್ಣದ ಗಾರೆ. ಬಚ್ಚಲು ಮನೆ ಹೊರಗೆ, ಹಿತ್ತಿಲಲ್ಲಿ.

ಆ ಬಚ್ಚಲಿನಿಂದಲೇ ಎಲ್ಲ ಶುರುವಾಗಿದ್ದು. ಅಮ್ಮನಿಗೆ 71, ಮಂಡಿ ನೋವು. ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಹಿತ್ತಿಲಿಗೆ ಹೋಗುವಾಗ ಎರಡು ಸಲ ಜಾರಿದ್ದರು. ನಾನಿರುವುದು ಬೆಂಗಳೂರು, ತಮ್ಮ ಪುಣೆ. ವರ್ಷಕ್ಕೆ ಎರಡು ಸಲ ಹೋಗಿ ಹಳೇ ಮನೆ ಎಷ್ಟು ಚಂದ ಅಂತ ಫೋಟೋ ತೆಗೆದುಕೊಂಡು ಬರುವವರು ನಾವು, ಅಲ್ಲಿ ಬದುಕುವವರು ಅವರು. ಹಳೇ ಮನೆ ಉಳಿಸಿ ಅಂತ ಬರೆಯುವವರು ಇದನ್ನು ಮರೆತುಬಿಡುತ್ತಾರೆ. ಅದೂ ಅಲ್ಲದೆ ಮಾಡು ನಾಲ್ಕು ಕಡೆ ಸೋರುತ್ತಿತ್ತು, ಒಂದು ತೊಲೆಗೆ ಗೆದ್ದಲು ಹಿಡಿದಿತ್ತು, ಮಂಗಗಳು ತೊಟ್ಟಿಯಿಂದ ಇಳಿದು ಸೀದಾ ಅಡುಗೆ ಮನೆಗೆ ಬರುತ್ತಿದ್ದವು.

ಕಂಪನಿಯವರದ್ದು ಹಳೇ ಮನೆಗಳಿಗೇ ಅಂತ ಒಂದು ಪ್ಯಾಕೇಜ್ ಇತ್ತು. ಟ್ಯಾಬ್‌ನಲ್ಲಿ ಮೂರು ಆಯಾಮದ ಚಿತ್ರ ತೋರಿಸಿದರು. 18 ಲಕ್ಷ, ನಾಲ್ಕು ತಿಂಗಳು ಅಂದರು. ಆಗಿದ್ದು 23 ಲಕ್ಷ, ಐದೂವರೆ ತಿಂಗಳು. ಇದರ ಬಗ್ಗೆ ನನಗೆ ತಕರಾರಿಲ್ಲ. ಹಳೇ ಮನೆ ಬಿಚ್ಚಿದ ಮೇಲೆ ಒಳಗೆ ಏನಿದೆ ಅಂತ ಯಾರಿಗೆ ಗೊತ್ತಿರುತ್ತದೆ? ಹುಡುಗರು ಬೆಳಗ್ಗೆ ಎಂಟಕ್ಕೆ ಬರುತ್ತಿದ್ದರು, ಸಂಜೆ ಗುಡಿಸಿ ಹೋಗುತ್ತಿದ್ದರು, ಸೈಟ್ ಇಂಜಿನಿಯರ್ ಫೋನ್ ಎತ್ತುತ್ತಿದ್ದರು. ಈ ಕಾಲದಲ್ಲಿ ಅದೇ ದೊಡ್ಡ ವಿಷಯ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬಚ್ಚಲಿಗೆ ಪೂರ್ತಿ ಮಾರ್ಕ್ಸ್. ಪಣತ ಇದ್ದ ಜಾಗದಲ್ಲಿ ಮಾಡಿದ್ದಾರೆ. ಗದ್ದೆ ಹೋಗಿ ಎಲ್ಲ ತೋಟ ಆದಮೇಲೆ ಪಣತದಲ್ಲಿ ಭತ್ತದ ಬದಲು ಹಳೇ ಪೇಪರ್, ಮುರಿದ ಛತ್ರಿ ಇರುತ್ತಿದ್ದವು, ಹಾಗಾಗಿ ಹೋಯಿತಲ್ಲ ಅಂತ ನನಗೆ ಅಷ್ಟೇನೂ ಅನ್ನಿಸಲಿಲ್ಲ. ಹಿಡಿದುಕೊಳ್ಳಲು ಕಂಬಿ, ಜಾರದ ನೆಲ, ಬಿಸಿನೀರು. ಅಮ್ಮ ಅದೊಂದಕ್ಕೇ ಕಂಪನಿಯವರನ್ನು ಇವತ್ತಿಗೂ ಹರಸುತ್ತಾರೆ. ವೈರಿಂಗ್ ಕೂಡ ಚೊಕ್ಕ. ಮಾಡಿನ ಕೆಲಸ ಮುಕ್ಕಾಲು ಪಾಲು ಚೆನ್ನಾಗಿದೆ. ಹೆಂಚು ಪೂರ್ತಿ ಇಳಿಸಿ, ತೊಳೆದು, ಹೆಂಚು ಹೊರುವ ಮರದ ಪಕಾಸಿ ರೀಪುಗಳಲ್ಲಿ ಕೊಳೆತದ್ದನ್ನು ಬದಲಿಸಿ ಮತ್ತೆ ಹೊದಿಸಿದರು. ಆದರೆ ಅಷ್ಟಕ್ಕೆ ಬಿಡದೆ ಎಲ್ಲ ಹೆಂಚಿಗೂ ಇಟ್ಟಿಗೆ ಬಣ್ಣದ ಪೇಂಟ್ ಹೊಡೆದರು. ಸುಟ್ಟ ಮಣ್ಣಿಗೆ ಮಣ್ಣಿನ ಬಣ್ಣ ಬಳಿಯುವುದು ಯಾಕೆ ಅಂತ ಯಾರಾದರೂ ಹೇಳಿ. ಎರಡನೇ ಮಳೆಗಾಲಕ್ಕೆ ಅದು ತೊನ್ನು ಹತ್ತಿದ ಹಾಗೆ ಏಳತೊಡಗಿದೆ.

ಈಗ ಗೋಡೆಗೆ ಬರುತ್ತೇನೆ. ಜಾಸ್ತಿ ಬರೆಯಬೇಕಾಗಿರುವುದು ಇದರ ಬಗ್ಗೆಯೇ.

ಹಳೇ ಗಾರೆ ಅಲ್ಲಲ್ಲಿ ಉದುರಿತ್ತು. ಇಂಜಿನಿಯರ್ ಬೆರಳಲ್ಲಿ ಕೆರೆದು ತೋರಿಸಿದರು, ನೋಡಿ ಸರ್, ಪುಡಿಪುಡಿ, ಸ್ಟ್ರೆಂತ್ ಇಲ್ಲ ಅಂದರು. ನಮಗೂ ಸರಿ ಅನ್ನಿಸಿತು. ಎಲ್ಲ ಕೆರೆದು, ಮಣ್ಣಿನ ಗೋಡೆಗೆ ಕೋಳಿ ಬಲೆ ಹೊಡೆದು, ಸಿಮೆಂಟ್ ಪ್ಲಾಸ್ಟರ್ ಮಾಡಿ, ಎರಡು ಕೋಟ್ ಪುಟ್ಟಿ, ಮೇಲೆ ತೊಳೆಯಬಹುದಾದ ಎಮಲ್ಶನ್. ಬಣ್ಣ ಕೆನೆಯ ಹಾಗಿತ್ತು. ಮೂಲೆಗಳು ಕತ್ತಿಯಂತೆ ನೇರ. ಹಳೇ ಗೋಡೆಯಲ್ಲಿ ಒಂದು ಮೂಲೆಯೂ ನೇರ ಇರಲಿಲ್ಲ. ಎಲ್ಲ ಅಂಗೈಯಲ್ಲಿ ಸವರಿದ ಹಾಗೆ ಸ್ವಲ್ಪ ಬಳುಕು ಇತ್ತು, ದೀಪ ಇಡುವ ಗೂಡುಗಳ ಅಂಚು ಮಕ್ಕಳ ಕಿವಿಯ ಹಾಗೆ ಉರುಟು. ಗೂಡುಗಳನ್ನು ಮುಚ್ಚಿಬಿಟ್ಟರು. ಎಲ್‌ಇಡಿ ಬಂದಮೇಲೆ ಗೂಡು ಯಾಕೆ, ಅಲ್ವಾ?

ಜುಲೈ ಎರಡನೇ ವಾರ ಅಮ್ಮ ಫೋನ್ ಮಾಡಿ ಗೋಡೆಗೆ ಬೊಕ್ಕೆ ಎದ್ದಿದೆ ಅಂದರು. ಹೋಗಿ ನೋಡಿದರೆ ನೆಲದಿಂದ ಮೂರಡಿ ಎತ್ತರದ ತನಕ ಪೇಂಟ್ ಗುಳ್ಳೆ ಗುಳ್ಳೆ. ಒತ್ತಿದರೆ ಒಳಗೆ ನೀರು. ಆಗಸ್ಟ್ ಹೊತ್ತಿಗೆ ಪುಟ್ಟಿ ಹಾಳೆ ಹಾಳೆಯಾಗಿ ಬಿತ್ತು, ಒಳಗೆ ಬಿಳಿ ಉಪ್ಪು. ಕಂಪನಿಯವರು ಬಂದು ವಾಟರ್‌ಪ್ರೂಫ್ ಕೋಟ್ ಹೊಡೆದರು, ವಾರಂಟಿಯಲ್ಲೇ, ದುಡ್ಡು ತಗೊಳ್ಳಲಿಲ್ಲ. ಬೊಕ್ಕೆ ಮೂರಡಿಯಿಂದ ನಾಲ್ಕೂವರೆ ಅಡಿಗೆ ಹತ್ತಿತು.

ಆಮೇಲೆ ಓದಿ, ಕೇಳಿ, ತಿಳಿದವರ ಕಾಲು ಹಿಡಿದು ಅರ್ಥ ಮಾಡಿಕೊಂಡದ್ದು ಇಷ್ಟು. ಮಣ್ಣಿನ ಗೋಡೆಗೆ ಈಗಿನ ಮನೆಗಳ ಹಾಗೆ ಪಾಯದಲ್ಲಿ ನೀರು ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಬತ್ತಿ ಎಣ್ಣೆ ಹೀರಿದ ಹಾಗೆ ಮೇಲೆ ಹತ್ತುತ್ತಲೇ ಇರುತ್ತದೆ. ಹಳೇ ಕಾಲದಲ್ಲೂ ಹತ್ತುತ್ತಿತ್ತು. ಆದರೆ ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ಹತ್ತಿದ ತೇವ ಗೋಡೆಯ ಮೈಯಿಂದಲೇ ಆರಿ ಹೋಗುತ್ತಿತ್ತು. ಸುಣ್ಣ ಸ್ವಲ್ಪ ಉದುರುತ್ತಿತ್ತು. ಅದಕ್ಕೇ ವರ್ಷಾ ವರ್ಷ ದೀಪಾವಳಿಗೆ ಮೊದಲು ಹೊಸದಾಗಿ ಬಳಿಯುತ್ತಿದ್ದದ್ದು, ಮೇಲೆ ಸುಣ್ಣ, ಕೆಳಗೆ ಎರಡಡಿ ಕೆಮ್ಮಣ್ಣು. ಇಂಜಿನಿಯರ್ ಕೆರೆದು ತೋರಿಸಿದ ಆ ಪುಡಿ ರೋಗ ಅಲ್ಲ, ಬೆವರು. ಈಗ ಸಿಮೆಂಟ್, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಸೇರಿ ಮೈಗೆ ರೇನ್‌ಕೋಟ್ ತೊಡಿಸಿ ಗುಂಡಿ ಹಾಕಿದಂತಾಗಿದೆ. ತೇವ ಒಳಗೇ ನಿಂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಸಾಗರದ ಕಡೆ ದೀವರ ಸಮುದಾಯದವರ ಮನೆಗಳಲ್ಲಿ ಗೋಡೆಗೆ ಹಸೆ ಚಿತ್ತಾರ ಅನ್ನುವ ಚಿತ್ರ ಬರೆಯುತ್ತಾರಲ್ಲ, ಅದೂ ಇಂಥ ಕೆಮ್ಮಣ್ಣು ಬಳಿದ ಗೋಡೆ ಮೇಲೆಯೇ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ. ಎಮಲ್ಶನ್ ಮೇಲೆ ಅದನ್ನು ಬರೆಯಲು ಹೋಗಿ ನೋಡಿ.

ನೆಲದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಜಗುಲಿ, ನಡುಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇತ್ತು, 1950ರ ದಶಕದಲ್ಲಿ ಅಜ್ಜ ಮಾಡಿಸಿದ್ದು. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಲ್ಲಿ ತೀಡಿ ತೀಡಿ ಹೊಳಪು ತರಿಸುವ ಕೆಲಸ ಅದು. ಎಪ್ಪತ್ತು ವರ್ಷದ ಅಂಗಾಲು ಸವೆದು ಅದಕ್ಕೆ ಒಂದು ಕಾಂತಿ ಬಂದಿತ್ತು. ಅಂಥದ್ದನ್ನು ಪೇಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ. ಬೇಸಿಗೆ ಮಧ್ಯಾಹ್ನ ಅದರ ಮೇಲೆ ಸುಮ್ನೆ ಹೊರಳಿಕೊಂಡರೆ ಫ್ಯಾನ್ ಬೇಡ. ಉಳಿದ ಕೋಣೆಗಳಲ್ಲಿ ಮಣ್ಣಿನ ನೆಲ, ಸಗಣಿ ಸಾರಿಸುತ್ತಿದ್ದರು. ಈಗ ಇಡೀ ಮನೆಗೆ ಎರಡಡಿ ಬೈ ಎರಡಡಿಯ ವಿಟ್ರಿಫೈಡ್ ಟೈಲ್ಸ್. ಮೊದಲು ಮಣ್ಣಿನ ನೆಲದಿಂದ ಆರಿ ಹೋಗುತ್ತಿದ್ದ ತೇವಕ್ಕೆ ಈಗ ದಾರಿಯಿಲ್ಲ, ಅದೂ ಗೋಡೆಯನ್ನೇ ಹತ್ತುತ್ತದೆ. ಮಳೆಗಾಲದಲ್ಲಿ ಟೈಲ್ಸ್ ಮೇಲೆ ಹನಿ ಕಟ್ಟುತ್ತದೆ. ಹಿತ್ತಿಲಲ್ಲಿ ಜಾರುತ್ತಾರೆ ಅಂತ ಬಚ್ಚಲನ್ನು ಒಳಗೆ ತಂದೆವು, ಈಗ ನಡುಮನೆಯಲ್ಲೇ ಜಾರುವ ಭಯ. ಅಮ್ಮ ದಾರಿಯುದ್ದಕ್ಕೂ ಗೋಣಿ ಹಾಸಿಕೊಂಡಿದ್ದಾರೆ. ಒಂದೂಕಾಲು ಲಕ್ಷದ ಟೈಲ್ಸ್ ಮೇಲೆ ಅಡಿಕೆ ಗೋಣಿ.

ಇಲ್ಲಿ ನನ್ನ ತಮ್ಮನ ಮಾತನ್ನೂ ಬರೆಯಬೇಕು, ಇಲ್ಲದಿದ್ದರೆ ಜಗಳ. ಅವನು ಹೇಳುವುದು: ಅಜ್ಜನೂ ರಿನೋವೇಶನ್ ಮಾಡಿಸಿದವನೇ ತಾನೇ? ಸಗಣಿ ನೆಲ ತೆಗೆಸಿ ಸಿಮೆಂಟ್ ಹಾಕಿಸಿದ. ಅವನ ಅಪ್ಪ ಹುಲ್ಲಿನ ಮಾಡು ಕಿತ್ತು ಮಂಗಳೂರು ಹೆಂಚು ಹೊದಿಸಿರಬೇಕು. ಆ ಹೆಂಚೂ ಜರ್ಮನಿಯಿಂದ ಬಂದ ಪಾದ್ರಿಗಳ ಕಾರ್ಖಾನೆಯ ಮಾಲು. ನೀನು ಯಾವ ಮೂಲ ರೂಪದ ಬಗ್ಗೆ ಅಳುತ್ತಿದ್ದೀಯ? ಮಾತು ಸರಿ ಇದೆ. ನಾನು ತುಂಬ ದಿನ ಇದಕ್ಕೆ ಉತ್ತರ ಹುಡುಕಿದೆ. ನನಗೆ ಹೊಳೆದದ್ದು ಇಷ್ಟೇ: ಅವರು ಒಂದು ಸಲಕ್ಕೆ ಒಂದನ್ನು ಮುಟ್ಟಿದರು. ಹೆಂಚು ಬಂತು, ಆದರೆ ಗಾಳಿ ಆಡುವುದು ನಿಲ್ಲಲಿಲ್ಲ. ಎರಡು ಕಡೆ ಸಿಮೆಂಟ್ ಬಂತು, ಉಳಿದ ಕಡೆ ಮಣ್ಣು ಇತ್ತು. ಒಂದನ್ನು ಬದಲಿಸಿ ಇಪ್ಪತ್ತು ಮೂವತ್ತು ವರ್ಷ ಮನೆ ಏನು ಹೇಳುತ್ತದೆ ಅಂತ ನೋಡಿದರು. ನಾವು ಐದೂವರೆ ತಿಂಗಳಲ್ಲಿ ನೆಲ, ಗೋಡೆ, ಬಾಗಿಲು, ತೊಟ್ಟಿ ಎಲ್ಲ ಒಟ್ಟಿಗೆ ಬದಲಿಸಿದೆವು. ಮನೆಗೆ ಬಾಯಿ ಬಿಡಲೂ ಪುರುಸೊತ್ತು ಕೊಡಲಿಲ್ಲ. ತಮ್ಮ ಇದನ್ನು ಒಪ್ಪಿಲ್ಲ. ಟೈಲ್ಸ್ ಕಂಪನಿ ಬದಲಿಸಬೇಕಿತ್ತು ಅನ್ನುತ್ತಾನೆ.

ತೊಟ್ಟಿ. ಇದನ್ನು ಬರೆಯಲು ನನಗೆ ಕಷ್ಟ ಆಗುತ್ತದೆ.

ಹನ್ನೆರಡು ಅಡಿ ಚೌಕ, ನೆಲದಿಂದ ಒಂದೂವರೆ ಅಡಿ ಕೆಳಗೆ, ಸುತ್ತ ಕಲ್ಲಿನ ಅಂಚು. ಮಳೆ ಬಂದರೆ ನಾಲ್ಕೂ ಸೂರಿನಿಂದ ನೀರು ಇಳಿದು ನಾಲ್ಕು ಪರದೆ. ಮೂಲೆಯ ತೂತಿನಿಂದ ಕಲ್ಲಿನ ಚರಂಡಿಗೆ, ಅಲ್ಲಿಂದ ಅಡಿಕೆ ತೋಟಕ್ಕೆ. ಸಣ್ಣವರಿದ್ದಾಗ ತೂತಿಗೆ ಬಟ್ಟೆ ತುರುಕಿ ಕೆರೆ ಮಾಡಿ ಬೈಸಿಕೊಂಡಿದ್ದೇವೆ. ತೊಟ್ಟಿ ಇದ್ದದ್ದು ಚಂದಕ್ಕೆ ಮಾತ್ರ ಅಲ್ಲ. ಕಿಟಕಿ ಕಡಿಮೆ ಇರುವ ಮನೆಗೆ ಬೆಳಕು ಬರುತ್ತಿದ್ದದ್ದೇ ಅಲ್ಲಿಂದ. ಒಳಗಿನ ಬಿಸಿ ಗಾಳಿ, ಅಡುಗೆ ಮನೆಯ ಹೊಗೆ ಹೋಗುತ್ತಿದ್ದದ್ದೂ ಅಲ್ಲಿಂದಲೇ.

ಪ್ಯಾಕೇಜ್‌ನಲ್ಲಿ ಇದಕ್ಕೆ ಸ್ಕೈಲೈಟ್ ಕೋರ್ಟ್‌ಯಾರ್ಡ್ ಅಂತ ಹೆಸರು. ಕಬ್ಬಿಣದ ಪೈಪಿನ ಮೇಲೆ ಪಾಲಿಕಾರ್ಬೊನೇಟ್ ಶೀಟ್. ಮಂಗ ಬರಬಾರದು ಅಂತ ಬದಿಗೆ ಜಾಲರಿ, ಆಮೇಲೆ ಎರಚಲು ಬರುತ್ತದೆ ಅಂತ ಜಾಲರಿಗೂ ಶೀಟ್. ತೊಟ್ಟಿಯನ್ನು ಕಾಂಕ್ರೀಟ್ ತುಂಬಿ ನೆಲದ ಸಮ ಮಾಡಿದರು, ಮಕ್ಕಳು ಬೀಳುತ್ತಾರೆ ಅಂತ ನಾನೇ ಹೇಳಿದ್ದು. ಮೇಲೆ ಸೋಫಾ, ಕುಂಡದಲ್ಲಿ ಒಂದು ಪಾಮ್ ಗಿಡ. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಅವರ ಪೇಜಿನಲ್ಲಿ ನಮ್ಮ ತೊಟ್ಟಿಯೇ ಮೊದಲ ಫೋಟೋ.

ಏಪ್ರಿಲ್ ತಿಂಗಳಲ್ಲಿ ಆ ಸೋಫಾ ಮೇಲೆ ಕೂತು ನೋಡಿ. ಶೀಟಿನ ಕೆಳಗೆ ಬಿಸಿ ತುಂಬಿಕೊಂಡು ಹೊರಗೆ ಹೋಗಲು ಜಾಗವೇ ಇಲ್ಲ. ಮಳೆಗಾಲದಲ್ಲಿ ಶೀಟ್ ಮೇಲೆ ನೀರು ಬೀಳುವ ಸದ್ದಿಗೆ ಮನೆಯೊಳಗೆ ಮಾತು ಕೇಳುವುದಿಲ್ಲ, ಅಮ್ಮ ಟಿವಿ ಧಾರಾವಾಹಿಯನ್ನು ಬರೀ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಮೊದಲೂ ಮಳೆ ಸದ್ದು ಇತ್ತು, ಆದರೆ ಅದು ಹೆಂಚಿನ ಮೇಲಿನ ಸದ್ದು, ಕಲ್ಲಿನ ಮೇಲೆ ನೀರು ಬೀಳುವ ಸದ್ದು, ಅದರಲ್ಲಿ ನಿದ್ದೆ ಬರುತ್ತಿತ್ತು. ಇನ್ನು ನಾಲ್ಕು ಮಾಡಿನ ನೀರು ಎಲ್ಲಿ ಹೋಗಬೇಕು? ಶೀಟಿನ ಅಂಚಿಗೆ ತಗಡಿನ ದೋಣಿ ಕೂರಿಸಿದ್ದಾರೆ. ಜೋರು ಮಳೆಗೆ ಅದು ತುಂಬಿ ಒಳಗೇ ಚೆಲ್ಲುತ್ತದೆ, ಚೆಲ್ಲಿದ ನೀರು ಸೀದಾ ಪಕಾಸಿಯ ತುದಿಗೆ. ನೂರು ವರ್ಷ ಕೆಡದ ಮರದ ತುದಿಯಲ್ಲಿ ಈಗ ಅಣಬೆ ಎದ್ದಿದೆ. ಉತ್ಪ್ರೇಕ್ಷೆ ಅಲ್ಲ, ಫೋಟೋ ಇದೆ.

ಬಾಗಿಲಿನ ಕಥೆ ಚಿಕ್ಕದು. ಹೆಬ್ಬಾಗಿಲು ಕುಳ್ಳು ಅಂತ ತೆಗೆದು ಏಳಡಿಯದ್ದು ಕೂರಿಸಿದರು. ಕೆತ್ತನೆಯ ಚೌಕಟ್ಟು, ಒಳಗಿನ ಮರದ ಅಗುಳಿ, ಇನ್ನೂ ಎರಡು ಜೋಡಿ ಬಾಗಿಲು, ಎಲ್ಲ ಸೇರಿ ಹಳೇ ಮರ ಅಂತ ಬಿಲ್‌ನಲ್ಲಿ 40,000 ಕಳೆದರು. ನಾನು ಲಾಭ ಆಯಿತು ಅಂದುಕೊಂಡೆ. ಆರು ತಿಂಗಳ ನಂತರ ಕೊಚ್ಚಿಗೆ ಹೋದಾಗ ಮಟ್ಟಾಂಚೇರಿಯ ಜ್ಯೂ ಟೌನ್‌ನಲ್ಲಿ ಹಳೇ ಮರದ ಸಾಮಾನಿನ ಅಂಗಡಿಗಳನ್ನು ನೋಡುತ್ತಾ ಹೊರಟೆ. ಒಂದು ಕಡೆ ಹೆಚ್ಚುಕಡಿಮೆ ನಮ್ಮದರಂಥದ್ದೇ ಚೌಕಟ್ಟು ನಿಂತಿತ್ತು. ರೇಟ್ ಕೇಳಿದೆ. ಒಂದು ಲಕ್ಷ ಎಂಬತ್ತು ಸಾವಿರ. ಒಂದೇ ಚೌಕಟ್ಟಿಗೆ. ಕಾರೈಕುಡಿಯಲ್ಲೂ ಚೆಟ್ಟಿಯಾರರ ಮನೆಗಳು ಹೀಗೇ ಕಂಬ ಕಂಬವಾಗಿ, ಬಾಗಿಲು ಬಾಗಿಲಾಗಿ ಅಂಗಡಿಗೆ ಬಂದಿವೆ. ಹೆಂಡತಿ ಸುಮ್ಮನೆ ಬನ್ನಿ ಅಂದಳು. ಬಂದೆ.

ನನಗೆ ನಿಜವಾಗಿ ಸಿಟ್ಟು ಬಂದಿರುವುದು ಕಂಪನಿಯ ಒಂದೇ ಒಂದು ಕೆಲಸಕ್ಕೆ. ಹೆರಿಟೇಜ್ ಲುಕ್ ಅಂತ ಒಂದು ಸಾಲು ಇತ್ತು ಕೊಟೇಶನ್‌ನಲ್ಲಿ. ಮುಂದಿನ ಪೋರ್ಟಿಕೋಗೆ ನಾಲ್ಕು ಕಂಬ. ಫೈಬರ್‌ನವು, ಅಚ್ಚಿನಲ್ಲಿ ಎರಕ ಹೊಯ್ದ ಕೆತ್ತನೆ, ಮೇಲೆ ಮರದ ಗೆರೆಯ ಪೇಂಟ್. ತಟ್ಟಿದರೆ ಪ್ಲಾಸ್ಟಿಕ್ ಡ್ರಮ್ಮಿನ ಸದ್ದು. ಒಳಗಿನ ನಿಜವಾದ ಹಲಸಿನ ಮುಂಡಿಗೆಗಳಿಗೆ ಹೊಗೆ, ಎಣ್ಣೆ, ಒರಗಿ ಕೂತವರ ಬೆನ್ನು ತಾಗಿ ಬಂದಿದ್ದ ಕಪ್ಪು ಹೊಳಪನ್ನು ಸ್ಯಾಂಡಿಂಗ್ ಮೆಷಿನ್ ಹಿಡಿದು ಕೆರೆದು, ಕನ್ನಡಿಯಂಥ ಪಿಯು ಪಾಲಿಶ್ ಹೊಡೆದರು. ಈಗ ಬಂದವರು ಒಳಗಿನದ್ದನ್ನೂ ತಟ್ಟಿ ನೋಡಿ, ಇದೂ ಫೈಬರ್ರಾ ಅಂತ ಕೇಳುತ್ತಾರೆ! ಪರಿಚಯದ ಆರ್ಕಿಟೆಕ್ಟ್ ಒಬ್ಬರಿಗೆ ಇದನ್ನು ಹೇಳಿದಾಗ ಅವರು 1964ರ ವೆನಿಸ್ ಚಾರ್ಟರ್ ಬಗ್ಗೆ ಹೇಳಿದರು. ಹಳೇ ಕಟ್ಟಡಗಳನ್ನು ಹೇಗೆ ಮುಟ್ಟಬೇಕು ಅಂತ ಅಲ್ಲಿ ಸೇರಿದವರು ಬರೆದುಕೊಂಡದ್ದು. ಬದಲಿಸಿದ ಭಾಗ ಉಳಿದದ್ದರ ಜೊತೆ ಹೊಂದಬೇಕು, ಆದರೆ ಹೊಸದು ಅಂತ ಗುರುತು ಸಿಗಬೇಕು, ಹಳೇದರ ವೇಷ ಹಾಕಬಾರದು ಅನ್ನುವುದು ಅದರಲ್ಲಿ ಒಂದು ಮಾತು. ನಮ್ಮಲ್ಲಿ ಆಗಿದ್ದು ಸರಿಯಾಗಿ ಉಲ್ಟಾ. ಹೊಸದು ಹಳೇದರ ವೇಷ ಹಾಕಿತು, ಹಳೇದು ಹೊಸದರ ವೇಷ ಹಾಕಿತು.

ಬೆಂಗಳೂರಿನಲ್ಲಿ ಈ ತಲೆನೋವೂ ಇಲ್ಲ. 1898ರ ಪ್ಲೇಗ್ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳನ್ನು ಒಂದೊಂದಾಗಿ ಕೆಡವಿ ಅಪಾರ್ಟ್‌ಮೆಂಟ್ ಮಾಡುತ್ತಾರೆ. ಕಿಟಕಿ ಮೇಲೆ ಚೂಪಾದ ಮರದ ಟೋಪಿ ಇರುತ್ತದಲ್ಲ, ಮಂಕಿ ಟಾಪ್ ಅನ್ನುತ್ತಾರೆ, ಅದನ್ನು ಹೊಸ ಕಾಫಿ ಅಂಗಡಿಯವರು ಪ್ಲೈವುಡ್‌ನಲ್ಲಿ ಮಾಡಿಸಿಕೊಂಡಿದ್ದನ್ನೂ ನೋಡಿದ್ದೇನೆ. ಇರಲಿ.

ಈ ಬೇಸಿಗೆಯಲ್ಲಿ ಒಂದು ಕೋಣೆಯನ್ನಾದರೂ ಸರಿ ಮಾಡೋಣ ಅಂತ ಹೊರಟೆವು. ಕಂಪನಿಯವರನ್ನು ಕೇಳಿದರೆ ಸುಣ್ಣದ ಕೆಲಸ ನಮ್ಮಲ್ಲಿ ಇಲ್ಲ ಸರ್, ಈಗ ಯಾರೂ ಮಾಡಲ್ಲ ಅಂದರು. ಯಾರೂ ಮಾಡಲ್ಲ ಅನ್ನುವುದು ಸುಳ್ಳು. ಘಟ್ಟದ ಕೆಳಗೆ ಕಾರ್ಕಳದ ಕಡೆಯ ಮೇಸ್ತ್ರಿಯೊಬ್ಬರು ಸಿಕ್ಕಿದರು, ಅರವತ್ತು ದಾಟಿದವರು, ದೈವಸ್ಥಾನಗಳ ಹಳೇ ಗೋಡೆ ಕೆಲಸ ಮಾಡಿದ್ದವರು. ಈ ರಿವ್ಯೂನಲ್ಲಿ ಐದಕ್ಕೆ ಆರು ಸ್ಟಾರ್ ಕೊಡುವುದಿದ್ದರೆ ಅವರಿಗೆ. ಫೋನ್ ಎತ್ತುವುದಿಲ್ಲ, ಹೇಳಿದ ದಿನ ಬರುವುದಿಲ್ಲ, ಆದರೂ. ಸುಣ್ಣವನ್ನು ತಿಂಗಳು ಮೊದಲೇ ಗುಂಡಿಯಲ್ಲಿ ನೆನೆಸಿಟ್ಟರು. ಅಳಲೆಕಾಯಿ ಜಜ್ಜಿ ನೆನೆಸಿದ ನೀರು, ಬೆಲ್ಲದ ನೀರು, ಜರಡಿ ಹಿಡಿದ ಮರಳು. ಬೆಲ್ಲಕ್ಕೆ ಇರುವೆ ಬರುವುದಿಲ್ಲವಾ ಅಂತ ಮಗಳು ಕೇಳಿದಳು. ಸುಣ್ಣ ತಿಂದ ಇರುವೆ ವಾಪಸ್ ಹೋಗಿ ಹೇಳುವುದಿಲ್ಲ ಅಂದರು.

ಕಷ್ಟ ಆಗಿದ್ದು ಸಿಮೆಂಟ್ ತೆಗೆಯುವುದು. ಅದು ಬರುವಾಗ ಬಲೆಯ ಜೊತೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬಂತು, ಕೆಲವು ಕಡೆ ಅಂಗೈ ದಪ್ಪ. ಆ ಗುಂಡಿಗಳಿಗೆ ಮಣ್ಣು, ಭತ್ತದ ಹೊಟ್ಟು ತುಳಿದು ತುಂಬಿ, ಅದು ಒಣಗಿದ ಮೇಲೆ ಗಾರೆ. ಗಾರೆ ಆರಲು ಆತುರ ಪಡಬಾರದು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುವುದು ನಿಧಾನದ ಕೆಲಸ, ತಿಂಗಳುಗಟ್ಟಲೆ ನಡೆಯುತ್ತದೆ. ಒಂದು ಕೋಣೆಗೆ ಒಟ್ಟು 85,000 ಆಯಿತು. ಮೊದಲೇ ಹಳೇ ಗಾರೆ ಉದುರಿದ ಕಡೆ ಮಾತ್ರ ತೇಪೆ ಹಾಕಿಸಿದ್ದರೆ ಇದರ ಅರ್ಧದಲ್ಲಿ ಇಡೀ ಮನೆ ಮುಗಿಯುತ್ತಿತ್ತು ಅಂತ ಮೇಸ್ತ್ರಿ ಲೆಕ್ಕ ಹಾಕಿ ಹೇಳಿದರು. ಕೇಳಬಾರದಿತ್ತು. ಈ ಮಳೆಗಾಲದಲ್ಲಿ ಆ ಕೋಣೆಯ ಗೋಡೆ ಜುಲೈನಲ್ಲಿ ಸ್ವಲ್ಪ ಬಣ್ಣ ತಿರುಗಿತು, ಅಕ್ಟೋಬರ್‌ಗೆ ತಾನಾಗಿ ಆರಿತು. ಪಕ್ಕದ ಕೋಣೆಯಲ್ಲಿ ಈಗಲೂ ಬೊಕ್ಕೆ.

ಹಳೇ ಮನೆ ಮುಟ್ಟುವ ಯೋಚನೆ ಇರುವವರು, ಯಾವುದಾದರೂ ಕಂಪನಿಗೆ ಅಡ್ವಾನ್ಸ್ ಕೊಡುವ ಮೊದಲು ಮಣಿಪಾಲಕ್ಕೆ ಹೋಗಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ ಬನ್ನಿ. ವಿಜಯನಾಥ ಶೆಣೈ ಅವರು ಕಟ್ಟಿದ್ದು. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದವರು, ಬೀಳಿಸಲು ಹೊರಟ ಹಳೇ ಮನೆಗಳನ್ನು ಭಾಗ ಭಾಗವಾಗಿ ಬಿಚ್ಚಿಸಿ ತಂದು ಅಲ್ಲಿ ಮತ್ತೆ ಜೋಡಿಸಿದರು. ಕರಾವಳಿಯ ಮನೆಗಳಿವೆ, ಕುಕನೂರಿನ ಕಮಲ ಮಹಲ್ ಇದೆ, ಮುಧೋಳದ ಅರಮನೆಯ ದರ್ಬಾರ್ ಹಾಲ್ ಇದೆ. ಮರಕ್ಕೆ ಮರ ಹೇಗೆ ಕೂತಿದೆ ಅಂತ ಹತ್ತಿರದಿಂದ ನೋಡಿದರೆ ನಿಮ್ಮ ಮನೆಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ನಾವು ಹೋಗಿದ್ದು ಎಲ್ಲ ಮುಗಿದ ಮೇಲೆ, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ. ಅಮ್ಮ ಒಂದು ಮನೆಯ ಜಗುಲಿಯಲ್ಲಿ ಸ್ವಲ್ಪ ಹೊತ್ತು ನಿಂತು, ಕಂಬ ಸವರಿ, ಎಲ್ಲ ಸರಿ, ಇವರಿಗೆ ಬಚ್ಚಲು ಎಲ್ಲಿತ್ತು ಅಂತ ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಅಲ್ಲಿ ಯಾರೂ ರಾತ್ರಿ ಎದ್ದು ಹೋಗಬೇಕಾಗಿಲ್ಲ.

ಕಂಪನಿಯವರನ್ನು ಮಾತಾಡಿಸುವಾಗ ಒಂದೇ ಪ್ರಶ್ನೆ ಕೇಳಿ ಸಾಕು: ನಮ್ಮ ಗೋಡೆ ಯಾವುದರದ್ದು, ಅದಕ್ಕೆ ನೀವು ಏನು ಬಳಿಯುತ್ತೀರಿ? ಮಣ್ಣು, ಸುಣ್ಣ ಅನ್ನುವ ಮಾತು ಅವರ ಬಾಯಿಂದ ಬರದೆ ಸೀದಾ ಪುಟ್ಟಿಗೆ ಹೋದರೆ ಕಾಫಿ ಕೊಟ್ಟು ಕಳಿಸಿಬಿಡಿ. ಬಚ್ಚಲು, ವೈರಿಂಗ್, ಮಾಡು ಮಾತ್ರ ಮಾಡಿಸಿ. ತೆಗೆದ ಬಾಗಿಲು, ಮರ, ಹೆಂಚು ಮಾರಬೇಡಿ, ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಹೆಂಚು ಒಂದು ನಾನೂರು ಉಳಿದಿತ್ತು, ಅದನ್ನಷ್ಟೇ ನಾನು ಬಚಾವು ಮಾಡಿದ್ದು.

ಸ್ಟಾರ್ ಎಷ್ಟು ಅಂತ ಹೇಳಲೇಬೇಕಾದರೆ ಮೂರು. ಕೆಲಸಗಾರರಿಗೆ ಐದು, ಬಚ್ಚಲಿಗೆ ಐದು, ಆ ಪ್ಯಾಕೇಜ್‌ಗೆ ಒಂದು, ಯೋಚನೆ ಮಾಡದೆ ಸಹಿ ಹಾಕಿದ ನನಗೂ ಒಂದು.

ಕಳೆದ ವಾರ ತೊಟ್ಟಿಯ ಶೀಟ್ ತೆಗೆದು, ಕಾಂಕ್ರೀಟ್ ಒಡೆದು, ಮೊದಲಿನ ಹಾಗೆ ಮಾಡಿಕೊಡಿ ಅಂತ ಕೇಳಿದೆ. ಮರುದಿನವೇ ಕೊಟೇಶನ್ ಬಂತು, ಅದರಲ್ಲೂ ಅವರು ಚುರುಕು. 1,35,000, ಮಂಗಕ್ಕೆ ಸ್ಟೀಲ್ ಜಾಲರಿ ಸೇರಿ. ತಮ್ಮ ಅರ್ಧ ಕೊಡುತ್ತೇನೆ ಅಂದ, ನನಗೇ ಆಶ್ಚರ್ಯ. ಅಮ್ಮ ಇನ್ನೂ ಒಪ್ಪಿಲ್ಲ. ಶೀಟ್ ಕೆಳಗೆ ಅವರು ಆಗಲೇ ನಾಲ್ಕು ಹಗ್ಗ ಕಟ್ಟಿಸಿಕೊಂಡಿದ್ದಾರೆ, ಇಷ್ಟು ವರ್ಷಕ್ಕೆ ಮೊದಲ ಸಲ ಮಳೆಗಾಲದಲ್ಲಿ ಬಟ್ಟೆ ಒಣಗುತ್ತಿದೆಯಂತೆ.